ಇಪ್ಪತ್ತೇಳನೆಯ ಮನೆಯ ಮುಂದಿನ ಅಳುಕು

ಹೆದರಿಕೆ ಮೊದಲು ತಿಳಿಯುವುದು ಕಾಲಿಗೆ. ಮನಸ್ಸಿಗೆ ಆಮೇಲೆ. ಬಾಯಿಗೆ ಬರುವುದು ಇನ್ನೂ ಆಮೇಲೆ. ಎಷ್ಟೋ ಸಲ ಬರುವುದೇ ಇಲ್ಲ. ಹಾಸನದಲ್ಲಿ ನಮ್ಮ ನಡಿಗೆ ಕೇಂದ್ರ ಶುರುವಾದದ್ದು ಈ ಒಂದು ಸಂಗತಿಯ ಮೇಲೆ.

ಅದಕ್ಕೂ ಮುಂಚೆ ಬೀದಿಗಳ ಪರೀಕ್ಷೆ ಎಂದರೆ ಇಬ್ಬರು ಟೇಪು ಹಿಡಿದು ಬರುತ್ತಿದ್ದರು. ಫುಟ್‌ಪಾತಿನ ಅಗಲ ಅಳೆಯುವುದು, ದೀಪದ ಕಂಬ ಎಣಿಸುವುದು, ನಮೂನೆಯಲ್ಲಿ ಗುರುತು ಹಾಕುವುದು. ಆರಡಿ ಫುಟ್‌ಪಾತ್ ಇದ್ದ ಬೀದಿಗೆ ಪೂರ್ತಿ ಅಂಕ. ಅದರ ಮೇಲೆ ಒಬ್ಬರೂ ನಡೆಯುತ್ತಿಲ್ಲ ಎಂಬುದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಈಗ ಹಪ್ಪಳದಷ್ಟು ತೆಳುವಾದ ಹಾಳೆಯೊಂದು ಬಂದಿದೆ. ಅದನ್ನು ಚಪ್ಪಲಿಯ ತಳಕ್ಕೆ ಅಂಟಿಸಿಕೊಂಡರೆ ಸಾಕು. ನೆಮ್ಮದಿಯಿಂದ ನಡೆಯುವವರ ಮೈಭಾರ ಹಿಮ್ಮಡಿಯಿಂದ ಬೆರಳಿಗೆ, ಈ ಕಾಲಿಂದ ಆ ಕಾಲಿಗೆ ಸಲೀಸಾಗಿ ದಾಟುತ್ತದೆ. ಮುಂದೆ ಅಪಾಯವಿದೆ ಅನ್ನಿಸಿದರೆ ಮುಂದಿನ ಪಾದ ನೆಲ ಮುಟ್ಟಿದರೂ ಭಾರ ಮಾತ್ರ ಹಿಂದಿನ ಕಾಲಲ್ಲೇ ಉಳಿಯುತ್ತದೆ, ಒಂದು ಸೆಕೆಂಡಿನ ಮೂರನೆಯ ಒಂದು ಭಾಗ. ನಡೆಯುವವರಿಗೇ ಅದು ಗೊತ್ತಾಗುವುದಿಲ್ಲ. ಹಾಳೆಗೆ ಗೊತ್ತಾಗುತ್ತದೆ. ನಾವು ಅದನ್ನು ಅಳುಕು ಎಂದು ಕರೆಯುತ್ತೇವೆ. ಬೀದಿಯ ಮೂಲೆಯ ಕಂಬದಲ್ಲಿರುವ ಪೆಟ್ಟಿಗೆ ಅದನ್ನು ಓದಿ ಕೇಂದ್ರಕ್ಕೆ ಕಳಿಸುತ್ತದೆ. ಹೆಸರು ಬರುವುದಿಲ್ಲ, ಜೋಡಿಯ ಸಂಖ್ಯೆ ಮಾತ್ರ. ಕಳೆದ ವರ್ಷದ ಫೆಬ್ರವರಿಯಲ್ಲಿ ನ್ಯಾಯಬೆಲೆ ಅಂಗಡಿಗಳಲ್ಲಿ ಹದಿನೈದು ಸಾವಿರ ಜೋಡಿ ಹಂಚಿದೆವು. ಅಳುಕು ಹೆಚ್ಚಿರುವ ಜಾಗಕ್ಕೆ ದುರಸ್ತಿಯ ಸರದಿ ಮೊದಲು. ಕಾರಣ ಖಚಿತವಾದ ಹದಿನೈದು ದಿನದೊಳಗೆ ಅಡ್ಡ ಬಂದದ್ದನ್ನು ತೆಗೆಯಬೇಕು, ಅದು ಯಾರದ್ದೇ ಆಗಿರಲಿ.

ಕಾರಣವನ್ನು ಖಚಿತ ಮಾಡುವುದು ನನ್ನ ಕೆಲಸ. ನಾನು ಬೀದಿ ಪರಿಶೀಲಕಿ. ಕಾಲು ಎಲ್ಲಿ ತಡೆಯಿತು ಎಂದು ಯಂತ್ರ ಹೇಳುತ್ತದೆ, ಯಾಕೆ ಎಂದು ಅದಕ್ಕೆ ತಿಳಿಯದು. ನಾನು ಹೋಗಿ ನೋಡಿ ನಾಲ್ಕರಲ್ಲಿ ಒಂದು ಪದ ಆರಿಸಬೇಕು: ಭಯ, ನಾಯಿ, ಮಾತು, ಭಕ್ತಿ. ನಾಯಿ ಎಂದರೆ ಬೇರೆ ಇಲಾಖೆಗೆ ಹೋಗುತ್ತದೆ. ಮಾತು ಎಂದರೆ ಜನ ನಿಂತು ಹರಟುವ ಜಾಗ. ಭಕ್ತಿ ಎಂಬ ಪದ ಸೇರಿದ್ದು ಮೊದಲ ತಿಂಗಳ ಒಂದು ಫಜೀತಿಯಿಂದ. ಸಂತೆಪೇಟೆಯ ಹತ್ತಿರದ ಒಂದು ಪುಟ್ಟ ಗಣಪತಿ ಗುಡಿಯ ಮುಂದಿನ ಜಾಗವೇ ಇಡೀ ಹಾಸನದಲ್ಲಿ ಅತಿ ಅಪಾಯಕಾರಿ ಎಂದು ಯಂತ್ರ ತೀರ್ಮಾನಿಸಿತು. ಹೋಗಿ ನೋಡಿದರೆ, ಹಾದುಹೋಗುವವರೆಲ್ಲ ಗುಡಿಯ ಎದುರು ನಡಿಗೆ ನಿಧಾನಿಸಿ, ಚಪ್ಪಲಿಯಿಂದ ಒಂದು ಕಾಲು ಅರ್ಧ ಹೊರಗೆಳೆದು, ಕೆನ್ನೆ ತಟ್ಟಿಕೊಂಡು ಮುಂದೆ ಹೋಗುತ್ತಿದ್ದರು. ಕೇಂದ್ರದಲ್ಲಿ ಲೆಕ್ಕ ನೋಡುವ ಜಬೀನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಮೇಡಂ, ನಿಮ್ ಗಣಪತೀನ ಗುಂಡಿ ಅಂದ್ಕೊಂಡಿದೆ ಇದು!” ಅಂದಿನಿಂದ ಭಕ್ತಿ ಎಂದು ಗುರುತು ಮಾಡಿದ ಅಳುಕು ಲೆಕ್ಕಕ್ಕೆ ಬರುವುದಿಲ್ಲ. ನಕ್ಷೆಯಲ್ಲಿ ಕೆಂಪು ಚುಕ್ಕೆ ಬಿಳಿಯಾಗುತ್ತದೆ.

ಆಗಸ್ಟಿನ ಒಂದು ಬುಧವಾರ ಊಟದ ನಂತರ ಜಬೀನ್ ಗೋಡೆಯ ಪರದೆಯ ಮೇಲೆ ಚನ್ನಿಗರಾಯ ಬಡಾವಣೆಯ ನಾಲ್ಕನೆಯ ಅಡ್ಡರಸ್ತೆಯನ್ನು ತೆರೆದಳು. ನನ್ನ ಕೈಯಲ್ಲಿದ್ದ ಸೌತೆಕಾಯಿ ಹೋಳು ಹಾಗೇ ಉಳಿಯಿತು. ಅದು ನಮ್ಮ ಬೀದಿ. ಬೀದಿಯುದ್ದಕ್ಕೂ ಅಲ್ಲಲ್ಲಿ ಒಂದೊಂದು ಚುಕ್ಕೆ. ಮೂಲೆಯಿಂದ ಎರಡನೆಯ ಮನೆ, ಇಪ್ಪತ್ತೇಳನೆಯ ಸಂಖ್ಯೆಯ ಮುಂದೆ ಮಾತ್ರ ಎಲೆಅಡಿಕೆ ಉಗಿದ ಹಾಗೆ ಕೆಂಪು.

“ಅಬ್ಬಾ, ಇದೇನಿದು? ಇಲ್ಲಿ ಹುಲಿ ಸಾಕಿದಾರಾ?” ಎಂದಳು ಜಬೀನ್.

ಅದು ನಮ್ಮ ಮನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸ್ವಂತ ಬೀದಿ ಬಂದರೆ ಬೇರೆಯವರಿಗೆ ಒಪ್ಪಿಸಬೇಕು ಎಂಬ ನಿಯಮ ನನಗೆ ಗೊತ್ತಿತ್ತು.

ಆ ಕೆಂಪು ಏನೆಂದೂ ಗೊತ್ತಿತ್ತು. ನಮ್ಮ ಮನೆಯ ತಳಪಾಯ ಎತ್ತರದಲ್ಲಿದೆ. ಎರಡು ವರ್ಷದ ಹಿಂದೆ ಕಾರು ಬಂದಾಗ, ಅದರ ಹೊಟ್ಟೆ ನೆಲಕ್ಕೆ ತಾಗುತ್ತದೆಂದು ನನ್ನ ಗಂಡ ಯೋಗಾನಂದ ಗೇಟಿನಿಂದ ರಸ್ತೆಯವರೆಗೆ ರ‍್ಯಾಂಪ್ ಕಟ್ಟಿಸಿದರು. ನಾಲ್ಕಡಿ ಫುಟ್‌ಪಾತನ್ನು ಪೂರ್ತಿ ನುಂಗಿ ಅದು ರಸ್ತೆಯ ಮೇಲೂ ಅರ್ಧ ಅಡಿ ಚಾಚಿತು. ಬೀದಿಯ ಉಳಿದವರ ರ‍್ಯಾಂಪುಗಳು ಒಂದಡಿ, ಒಂದೂವರೆ ಅಡಿ. ನಮ್ಮದನ್ನು ಅಡ್ಡ ಹಾಯಲು ಹೋದರೆ ಮೈ ಪಕ್ಕಕ್ಕೆ ವಾಲುತ್ತದೆ. ಅದಕ್ಕೆ ನಡೆಯುವವರು ಅಲ್ಲಿಗೆ ಬಂದಾಗ ಫುಟ್‌ಪಾತಿನಿಂದ ರಸ್ತೆಗೆ ಇಳಿಯಬೇಕು, ಮೂಲೆಯಿಂದ ತಿರುಗಿ ಬರುವ ಗಾಡಿಗಳಿಗೆ ಎದುರಾಗಿ. ಎದುರು ಬದಿಯಲ್ಲಿ ಫುಟ್‌ಪಾತೇ ಇಲ್ಲ. ಚರಂಡಿ ಬಾಯಿ ತೆರೆದುಕೊಂಡಿದೆ.

ಸಿಮೆಂಟಿನ ರ‍್ಯಾಂಪಿನ ಮೇಲೆ ಹೊಳೆಯುವ ಕಪ್ಪು ಗ್ರಾನೈಟ್ ಹಾಕಿಸಿದವಳು ನಾನು. ಮೇಸ್ತ್ರಿ ಬೇಡ ಎಂದಿದ್ದ. “ಅಕ್ಕಾ, ಇಳಿಜಾರಿಗೆ ಪಾಲಿಶ್ ಕಲ್ಲು ಆಗಲ್ಲ, ಒರಟು ಕಲ್ಲು ಹಾಕೋಣ.” ಒರಟು ಕಲ್ಲಿನ ಮೇಲೆ ರಂಗೋಲಿ ಎದ್ದು ಕಾಣುವುದಿಲ್ಲ ಎಂದು ನಾನೇ ಹಟ ಮಾಡಿದೆ. ದಿನಾ ಬೆಳಿಗ್ಗೆ ಆರೂವರೆಗೆ ಬಕೆಟ್ ನೀರು ಸುರಿದು, ಕಡ್ಡಿಪೊರಕೆಯಲ್ಲಿ ಗುಡಿಸಿ, ಆ ಕಪ್ಪಿನ ಮೇಲೆ ಬಿಳಿಯ ಎಳೆ ಬಿಡುವುದೆಂದರೆ ನನಗೆ ಬಹಳ ಇಷ್ಟವಾಗಿತ್ತು.

“ಮೇಡಂ, ಸ್ಥಳಕ್ಕೆ ಹೋಗಿ ಬರ್ತೀರಾ, ನಾನೇ ಹೋಗ್ಲಾ?” ಜಬೀನ್ ಕೇಳಿದಳು.

“ನಾನು ನೋಡಿದೀನಿ ಆ ಜಾಗ,” ಎಂದೆ. ಇದು ನಿಜ. “ಅಲ್ಲಿ ಕಾಂಪೌಂಡ್ ಗೋಡೆ ಮೇಲೆ ದೇವರ ಟೈಲ್ಸ್ ಇವೆ.” ಇದೂ ನಿಜ. ಮೂಲೆಯ ಕಡೆಯ ಗೋಡೆಗೆ ಗಂಡಸರು ಮೂತ್ರ ಮಾಡುತ್ತಿದ್ದರೆಂದು ಯೋಗಾನಂದ ಗಣಪತಿ, ಶಿಲುಬೆ, ಮೆಕ್ಕಾ ಮೂರೂ ಇರುವ ಟೈಲ್ಸ್ ಸಾಲಾಗಿ ಅಂಟಿಸಿದ್ದರು. ವಾರದಲ್ಲಿ ಗೋಡೆ ಒಣಗಿತ್ತು. ಆದರೆ ಆ ಗೋಡೆಗೆ ಯಾರಾದರೂ ಕೈಮುಗಿದದ್ದನ್ನು ನಾನು ಒಂದು ದಿನವೂ ನೋಡಿಲ್ಲ.

“ಹಾಗಾದ್ರೆ ಭಕ್ತಿನಾ?”

ನಾನು ಸುಳ್ಳು ಹೇಳಲಿಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಾಲ್ಕು ಪದಗಳಿದ್ದವು, ಒಂದನ್ನು ಆರಿಸಿದೆ, ಅಷ್ಟೆ. ಪದಗಳ ವಿಷಯದಲ್ಲಿ ನಾನು ಎಚ್ಚರದ ಹೆಂಗಸು. ತಲೆ ಆಡಿಸಿದರೆ ಮಾತಾಡಿದಂತಾಗುವುದಿಲ್ಲ ಎಂದು ತಲೆ ಆಡಿಸಿದೆ. ಕೆಂಪು ಮಾಸಿ ಬಿಳಿಯಾಯಿತು. ಕೈಯಲ್ಲಿದ್ದ ಸೌತೆಕಾಯಿಯನ್ನು ತಿಂದೆ.

ಅಂದು ಸಂಜೆ ಮನೆಯಲ್ಲಿ ಯೋಗಾನಂದರಿಗೆ ಹೇಳಿದಾಗ ಅವರು ಟಿ.ವಿ.ಯ ದನಿ ತಗ್ಗಿಸಿದರು. “ಒಳ್ಳೇದೇ ಆಯ್ತು ಬಿಡು. ನಿಮ್ಮೋರು ಮೊದಲು ದೊಡ್ಡ ದೊಡ್ಡೋರ ಮನೆ ಮುಂದೆ ಒಡೀಲಿ, ಆಮೇಲೆ ನೋಡೋಣ. ಮುಖ್ಯರಸ್ತೆ ಡಾಕ್ಟರು ಜನರೇಟರ್ರೇ ಇಟ್ಕೊಂಡವ್ರೆ ಫುಟ್‌ಪಾತಲ್ಲಿ.”

“ನಾನು ಅಲ್ಲಿ ಕೆಲಸ ಮಾಡ್ತೀನಲ್ಲ ರೀ.”

“ಅದಕ್ಕೇ ಹೇಳಿದ್ದು. ಪರಿಶೀಲಕಿ ಮನೆ ಮುಂದೇನೇ ಜೆಸಿಬಿ ಬಂದ್ರೆ ಬೀದಿ ಜನ ಕಾಫಿ ಲೋಟ ಹಿಡ್ಕೊಂಡು ನಿಂತ್ಕೋತಾರೆ ನೋಡೋಕೆ.”

ನನಗೆ ಭಯವಾದದ್ದು ಅದಕ್ಕೇ, ಆ ಕಾಫಿ ಲೋಟಗಳಿಗೆ.

ಮೂವತ್ತೊಂದನೆಯ ಮನೆಯ ಕಮಲಾಕ್ಷಮ್ಮ ದಿನಾ ಆರು ನಲವತ್ತಕ್ಕೆ ಹಾಲಿನ ಬೂತಿಗೆ ಹೋಗುತ್ತಿದ್ದರು. ಬೂತು ನಮ್ಮ ಮನೆ ದಾಟಿ ಮೂಲೆಯಲ್ಲಿ, ಅವರ ಗೇಟಿನಿಂದ ಎಪ್ಪತ್ತು ಹೆಜ್ಜೆ. ಅವರಿಗೆ ಎಪ್ಪತ್ತೊಂದು ವರ್ಷ. ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು, ಬೀದಿಗೆಲ್ಲ ಟೀಚರ್. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಎಡ ಮಂಡಿ ಸವೆದಿತ್ತು. ಒಬ್ಬರೇ ಇರುತ್ತಿದ್ದರು, ಇಷ್ಟಪಟ್ಟೇ. ಹಾಲು ತರುವುದು, ಬೂತಿನವನ ಹತ್ತಿರ ರಾಜಕೀಯ ಜಗಳವಾಡುವುದು, ಹತ್ತು ಗಂಟೆಗೆ ಗ್ರಂಥಾಲಯ. ಆ ನಡಿಗೆಯೇ ಅವರ ದಿನ.

ರಂಗೋಲಿ ಮುಗಿಸಿ ಒಳಗೆ ಬಂದು ಗ್ಯಾಸಿನ ಗುಂಡಿಯನ್ನು ಎರಡು ಸಲ ಮುಟ್ಟಿ ನೋಡಿ ನಾನು ಕಿಟಕಿಗೆ ನಿಲ್ಲುತ್ತಿದ್ದೆ. ಯಾರು ಬಂದರು, ಯಾರು ಹೋದರು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಟೀಚರ್ ನಮ್ಮ ರ‍್ಯಾಂಪಿನ ಹತ್ತಿರ ಬಂದು ನಿಲ್ಲುತ್ತಿದ್ದರು. ರಸ್ತೆಯ ಅಂಚಿನ ದೀಪದ ಕಂಬ ಹಿಡಿದು, ಎಡಗಾಲನ್ನು ಮೊದಲು ರಸ್ತೆಗೆ ಇಳಿಸಿ, ಮೂಲೆಯ ಕಡೆ ಕುತ್ತಿಗೆ ಚಾಚಿ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ದಾಟುತ್ತಿದ್ದರು. ಒಂದು ದಿನ ಕಿಟಕಿಯಲ್ಲಿ ನನ್ನನ್ನು ಕಂಡು ಕೂಗಿದರು:

“ಮಂದಾಕಿನೀ, ನಿನ್ನ ಕಲ್ಲಲ್ಲಿ ಮುಖ ಕಾಣ್ಸುತ್ತೆ ಕಣೆ! ಬಾಚಣಿಗೆ ತಂದಿದ್ರೆ ಇಲ್ಲೇ ತಲೆ ಬಾಚ್ಕೋತಿದ್ದೆ!”

“ಬನ್ನಿ ಟೀಚರ್, ಕಾಫಿ ಕುಡಿದು ಹೋಗಿ,” ಎಂದೆ. ಕಲ್ಲನ್ನು ಹೊಗಳಿದರು ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಫೆಬ್ರವರಿಯಲ್ಲಿ ಹಾಳೆ ಅಂಟಿಸಿಕೊಂಡು ಬಂದ ದಿನ ಚಪ್ಪಲಿ ಮಗುಚಿ ನನಗೆ ತೋರಿಸಿದ್ದರು. “ನೋಡು, ಇನ್ನು ಮೇಲೆ ನನ್ನ ಕಾಲು ನಿನ್ನ ಆಫೀಸಿಗೆ ಏನೇನು ಚಾಡಿ ಹೇಳುತ್ತೋ!”

“ಹೇಳ್ಲಿ ಬಿಡಿ ಟೀಚರ್, ಅದಕ್ಕೇ ಕೊಟ್ಟಿರೋದು,” ಎಂದು ನಾನೂ ನಕ್ಕಿದ್ದೆ.

ಸೆಪ್ಟೆಂಬರಿನ ಆರಂಭದಲ್ಲಿ ಒಂದು ಬೆಳಿಗ್ಗೆ, ಕುಕ್ಕರ್ ಇಟ್ಟು ಹೊರಗೆ ಬಂದರೆ ರಂಗೋಲಿ ಅಳಿಸಿಹೋಗಿತ್ತು. ಸುಮ್ಮನೆ ತುಳಿದದ್ದಲ್ಲ, ಒಂದು ಬದಿಯಿಂದ ಇನ್ನೊಂದು ಬದಿಗೆ ಉದ್ದಕ್ಕೆ ಒರೆಸಿದ ಹಾಗಿತ್ತು. ಬೀದಿನಾಯಿ ಮಲಗಿ ಹೊರಳಿರಬೇಕೆಂದು ಬೈದುಕೊಂಡು ಮತ್ತೆ ನೀರು ಹಾಕಿ ಹೊಸದಾಗಿ ಬಿಟ್ಟೆ. ಆಫೀಸಿಗೆ ಹತ್ತು ನಿಮಿಷ ತಡವಾಯಿತು.

ಆಮೇಲೆ ಆರು ನಲವತ್ತಕ್ಕೆ ಟೀಚರ್ ಕಾಣಿಸಲಿಲ್ಲ. ನಾನು ಗಮನಿಸಿದೆ, ಗಮನಿಸದೆ ಇರಲು ನನಗೆ ಬರುವುದಿಲ್ಲ. ಅರಸೀಕೆರೆಯ ತಂಗಿಯ ಮನೆಗೆ ಹೋಗಿರಬೇಕು ಎಂದುಕೊಂಡೆ. ವಾರದ ನಂತರ ಆ ಕಡೆ ಹಾದಾಗ ಅವರ ಮನೆಯಲ್ಲಿ ದೀಪ ಕಂಡಿತು. ಹಾಲು ಮನೆಗೇ ತರಿಸಿಕೊಳ್ಳುತ್ತಿರಬೇಕು ಎಂದುಕೊಂಡೆ. ಹೋಗಿ ಕೇಳಬಹುದಾಗಿತ್ತು, ಒಂದೇ ಸಾಲಿನಲ್ಲಿ ನಾಲ್ಕು ಮನೆಯ ದೂರ.

ನವೆಂಬರಿನಲ್ಲಿ ಟೀಚರ್ ಬಿದ್ದರು. ನಮ್ಮ ಬೀದಿಯಲ್ಲಲ್ಲ, ಅಷ್ಟು ದೂರದ ಮುಖ್ಯರಸ್ತೆಯಲ್ಲಿ. ಹಿಂದಕ್ಕೆ ಬರುತ್ತಿದ್ದ ಲಗೇಜ್ ಆಟೋ ಕೈಗೆ ತಾಗಿ, ಹಾಲಿನ ಪ್ಯಾಕೆಟ್ ಸಮೇತ ಕೆಳಗೆ ಬಿದ್ದು, ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಸುದ್ದಿ ಕೇಳಿದ ತಕ್ಷಣ ನನಗೆ ಮೊದಲು ಬಂದ ಯೋಚನೆಯನ್ನು ಇಲ್ಲಿ ಬರೆಯಬೇಕು, ಬರೆಯದಿದ್ದರೆ ಈ ಕಥೆಗೆ ಅರ್ಥವಿಲ್ಲ: ಸದ್ಯ, ನಮ್ಮ ಮನೆ ಮುಂದೆ ಅಲ್ಲ.

ಆಸ್ಪತ್ರೆಗೆ ಎಳನೀರು ತೆಗೆದುಕೊಂಡು ಹೋದೆ. ಅಲ್ಲಿ ಟೀಚರ್ ಚಿಕ್ಕವರಾಗಿ ಕಂಡರು.

“ಮುಖ್ಯರಸ್ತೆಗೆ ಯಾಕೆ ಹೋಗಿದ್ರಿ ಟೀಚರ್? ಬೂತು ಇಲ್ಲೇ ಇದೆಯಲ್ಲ?”

ಅವರು ಎಳನೀರಿನ ಕೊಳವೆಯನ್ನು ತಿರುಗಿಸುತ್ತಾ ಹೇಳಿದರು: “ಆ ಕಡೆ ಬೂತಲ್ಲಿ ಹಾಲು ಗಟ್ಟಿ ಕಣೆ.”

ಎರಡು ಬೂತಿಗೂ ಹಾಲು ಬರುವುದು ಒಂದೇ ವ್ಯಾನಿನಲ್ಲಿ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಪಕ್ಕದ ಮಂಚದವರು ನಮ್ಮಿಬ್ಬರನ್ನೂ ನೋಡುತ್ತಿದ್ದರು. ನಾನು ಎದ್ದು ಬಂದೆ.

ಮಾರನೆಯ ದಿನ ಕೇಂದ್ರಕ್ಕೆ ಎಲ್ಲರಿಗಿಂತ ಮೊದಲು ಹೋದೆ. ಜೋಡಿಗಳಿಗೆ ಹೆಸರಿಲ್ಲ. ಆದರೆ ನಮ್ಮ ಬೀದಿಯಲ್ಲಿ ಎಡಗಾಲು ಕುಂಟಿಸಿಕೊಂಡು, ಆರು ನಲವತ್ತಕ್ಕೆ ಹೊರಟು, ಬೂತಿನ ಮುಂದೆ ಕಾಲು ಗಂಟೆ ನಿಂತು ಜಗಳವಾಡುವ ಜೋಡಿ ಒಂದೇ. ಮೂರು ಸಾವಿರದ ಮುನ್ನೂರ ಹದಿನೇಳು. ಅದರ ಒಂಬತ್ತು ತಿಂಗಳನ್ನು ಪರದೆಯ ಮೇಲೆ ಹಾಕಿದೆ.

ಫೆಬ್ರವರಿಯಲ್ಲಿ ಇಪ್ಪತ್ತೇಳನೆಯ ಮನೆಯ ಮುಂದೆ ಅಳುಕು ಸೆಕೆಂಡಿನ ಮೂರನೆಯ ಒಂದು ಭಾಗ. ಜೂನಿನಲ್ಲಿ ಮಳೆ ಶುರುವಾದಾಗ ಅರ್ಧ. ಆಗಸ್ಟಿನಲ್ಲಿ ಪೂರ್ತಿ ಒಂದು ಸೆಕೆಂಡು. ನಾನು ಭಕ್ತಿ ಎಂದು ತಲೆಯಾಡಿಸಿದ ದಿನ ಬೆಳಿಗ್ಗೆ ಒಂದೂಕಾಲು. ಒಂದು ಸೆಕೆಂಡು ಒಂಟಿ ಕಾಲಿನ ಮೇಲೆ ನಿಲ್ಲುವುದೆಂದರೆ ಮಂಡಿ ಸವೆದವರಿಗೆ ಏನೆಂದು ಲೆಕ್ಕ ಹಾಕುವುದು ನನಗೆ ಕಲಿಸಿಕೊಟ್ಟ ವಿದ್ಯೆ.

ಸೆಪ್ಟೆಂಬರ್ ಎರಡು, ಆರು ನಲವತ್ತೆರಡು. ಒಂದು ಗಾಡಿ ಮೂಲೆಯಿಂದ ತಿರುಗಿರಬೇಕು; ರಸ್ತೆಗೆ ಇಳಿದ ಎಡಗಾಲು ಮತ್ತೆ ಮೇಲಕ್ಕೆ ಬಂದಿತ್ತು. ಬಲಗಾಲು ರ‍್ಯಾಂಪಿನ ಮೇಲೆ. ಆಮೇಲೆ ಎರಡೂ ಹಾಳೆಗಳಲ್ಲಿ ಏನೂ ಇಲ್ಲ. ಭಾರವೇ ಇಲ್ಲ. ನಲವತ್ತೊಂದು ಸೆಕೆಂಡು ಆ ಎರಡು ಪಾದಗಳು ಯಾವ ನೆಲದ ಮೇಲೂ ನಿಂತಿರಲಿಲ್ಲ. ನಂತರ ಬಲಗಾಲು. ಬಹಳ ಹೊತ್ತಿನ ಮೇಲೆ ಎಡಗಾಲು. ಬೂತಿನ ಕಡೆಗಲ್ಲ, ವಾಪಸ್ ಮನೆಯ ಕಡೆಗೆ.

ಉದ್ದಕ್ಕೆ ಒರೆಸಿದ ಹಾಗಿದ್ದ ರಂಗೋಲಿ ನೆನಪಾಯಿತು. ನಾನು ನಾಯಿಯನ್ನು ಬೈದಿದ್ದೆ. ಅವರು ಬಿದ್ದ ಗುರುತನ್ನು ನೀರು ಹಾಕಿ ತೊಳೆದು ಅದರ ಮೇಲೆ ಎಂಟೆಸಳಿನ ಕಮಲ ಬಿಟ್ಟಿದ್ದೆ.

ಆರು ದಿನ ಆ ಜೋಡಿ ಮನೆ ಬಿಟ್ಟಿಲ್ಲ. ಏಳನೆಯ ದಿನದಿಂದ ಬೀದಿಯ ಇನ್ನೊಂದು ತುದಿಯಿಂದ ಹೊರಟು ಮುಖ್ಯರಸ್ತೆ ಸುತ್ತಿ ಇನ್ನೊಂದು ಬೂತಿಗೆ. ಎಪ್ಪತ್ತು ಹೆಜ್ಜೆಯ ದಾರಿ ಸಾವಿರದ ನೂರು ಹೆಜ್ಜೆಯಾಗಿತ್ತು. ನಮ್ಮ ಬೀದಿಯ ನಕ್ಷೆ ಮಾತ್ರ ತೊಳೆದಿಟ್ಟಂತೆ ಸ್ವಚ್ಛ. ಹೆದರಿದವರು ಬರುವುದನ್ನೇ ಬಿಟ್ಟರೆ ಅಳುಕೂ ಇರುವುದಿಲ್ಲವಲ್ಲ.

ಜಬೀನ್ ಬಂದಾಗ ನಾನು ಪರದೆ ಮುಚ್ಚಲಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ಬುರ್ಖಾ ಮಡಿಸಿ ಕುರ್ಚಿಯ ಬೆನ್ನಿಗೆ ಹಾಕುತ್ತಾ ಕೇಳಿಸಿಕೊಂಡಳು. ಏನೂ ತಮಾಷೆ ಮಾಡಲಿಲ್ಲ.

“ಗುರುತು ವಾಪಸ್ ತೆಗಿ ಜಬೀನ್. ಭಯ ಅಂತ ಹಾಕು.”

ಅವಳು ಕೀಲಿಗಳನ್ನು ಒತ್ತಿದಳು, ನಿಂತಳು, ಮತ್ತೆ ಒತ್ತಿದಳು. “ಮೇಡಂ, ಇದು ಒಂದೇ ಗುರುತಲ್ಲ.”

“ಅಂದ್ರೆ?”

“ನೀವು ಆರಿಸಿದ್ರಿಂದ ಯಂತ್ರ ಪಾಠ ಕಲಿಯುತ್ತಲ್ಲ. ಬೀದಿ ಫೋಟೋದಲ್ಲಿ ಗೋಡೆ ಮೇಲೆ ದೇವರ ಟೈಲ್ಸ್ ಕಂಡ್ರೆ ಭಕ್ತಿ ಅಂತ ಕಲ್ತಿದೆ. ಇಡೀ ಊರಲ್ಲಿ ಹಾಗೇ ಮಾಡಿದೆ.” ಅವಳು ನಕ್ಷೆಯನ್ನು ಚಿಕ್ಕದು ಮಾಡಿದಳು. ಬಡಾವಣೆ ಹೋಗಿ ಊರು ಬಂತು. ಊರ ತುಂಬ ಬಿಳಿಯ ಚುಕ್ಕೆ. “ಇನ್ನೂರ ಹನ್ನೆರಡು ಗೋಡೆ.”

ಮೂತ್ರ ನಿಲ್ಲಿಸಲು ದೇವರನ್ನು ಅಂಟಿಸದ ಬೀದಿ ನಮ್ಮಲ್ಲಿ ಎಲ್ಲಿದೆ? ಶಾಲೆಯ ಹಿಂದಿನ ಗೋಡೆ, ಬಸ್ ನಿಲ್ದಾಣದ ಪಕ್ಕದ ಗೋಡೆ, ಹೆರಿಗೆ ಆಸ್ಪತ್ರೆಯ ಎದುರಿನ ಗೋಡೆ. ಅಲ್ಲೆಲ್ಲ ಹೆದರಿದ ಕಾಲುಗಳನ್ನು ಯಂತ್ರ ನನ್ನ ಮಾತು ನಂಬಿ ಭಕ್ತರ ಕಾಲು ಎಂದುಕೊಂಡಿತ್ತು. ಮೂರು ತಿಂಗಳು.

“ನಿಮಗೆ ಒಂದ್ ಮಾತು ಹೇಳ್ಲಾ?” ಜಬೀನ್ ನನ್ನ ಮುಖ ನೋಡದೆ ಹೇಳಿದಳು. “ಆವತ್ತು ಹುಲಿ ಸಾಕಿದಾರಾ ಅಂತ ಕೇಳಿದ್ನಲ್ಲ, ನೀವು ನಕ್ಕಿದ್ರಿ.”

ನಕ್ಕದ್ದು ನನಗೆ ನೆನಪಿರಲಿಲ್ಲ.

ಮುಖ್ಯಸ್ಥರಿಗೆ ಬರೆದು ಕೊಟ್ಟೆ. ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆದಿದ್ದರೆ ಹಗುರವಾಗುತ್ತಿತ್ತು. ಇನ್ನೂರ ಹನ್ನೆರಡು ಗೋಡೆಗಳ ಮುಂದೆಯೂ ನಾನೇ ನಿಂತು ನೋಡಿ ಗುರುತು ತಿದ್ದಬೇಕು, ಪ್ರತಿಯೊಂದರ ಕೆಳಗೆ ಮೊದಲ ತಪ್ಪು ಎಲ್ಲಿಂದ ಬಂತೆಂದು ಬರೆಯಬೇಕು, ಅದನ್ನು ಎಲ್ಲ ಪರಿಶೀಲಕರೂ ಓದುವಂತಿರಬೇಕು ಎಂದರು. ಇನ್ನೂರ ಹನ್ನೆರಡು ಸಲ ಬರೆದೆ: ಇಪ್ಪತ್ತೇಳನೆಯ ಸಂಖ್ಯೆಯ ಮನೆ, ನಾಲ್ಕನೆಯ ಅಡ್ಡರಸ್ತೆ. ಅವುಗಳಲ್ಲಿ ನಿಜವಾಗಿ ಜನ ಕೈಮುಗಿಯುತ್ತಿದ್ದದ್ದು ಒಂಬತ್ತು ಕಡೆ.

ರ‍್ಯಾಂಪ್ ಒಡೆಯುವ ದಿನ ಯೋಗಾನಂದ ರಜೆ ಹಾಕಿ ಒಳಗೆ ಕೂತಿದ್ದರು. “ನೀನೇ ಬರ್ಕೊಟ್ಟು ಕರೆಸ್ಕೊಂಡಿದೀಯ. ನೀನೇ ನಿಂತು ಒಡೆಸು,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು, “ಕಾರು ಎಲ್ಲಿ ನಿಲ್ಸೋದು?” ಎಂದು ಕೇಳಿದರು.

“ಗೊತ್ತಿಲ್ಲ ರೀ.”

“ಟೀಚರ್ ಬಿದ್ದಿದ್ದು ಮುಖ್ಯರಸ್ತೇಲಿ, ಮಂದಾ.”

“ಅಲ್ಲಿಗೆ ಕಳಿಸಿದ್ದು ಈ ಕಲ್ಲು.”

ಅವರು ಒಳಗೆ ಹೋದರು. ಎದುರು ಮನೆಯವರು ನಿಜವಾಗಿಯೂ ಕಾಫಿ ಲೋಟ ಹಿಡಿದು ನಿಂತಿದ್ದರು. ಅಷ್ಟು ಹೆದರಿದ್ದ ದೃಶ್ಯ ಅದೇ. ಬಂದಾಗ ನೋಡಿದರೆ ಇಬ್ಬರು ಹೆಂಗಸರು, ಎರಡು ಲೋಟ. ಗ್ರಾನೈಟು ಮೊದಲ ಪೆಟ್ಟಿಗೇ ಸೀಳಿತು. ಸಂಜೆಯ ಹೊತ್ತಿಗೆ ಫುಟ್‌ಪಾತ್ ಸಮವಾಗಿ, ಇಳಿಜಾರಿನ ಬದಲು ನಮ್ಮ ಗೇಟಿನ ಒಳಗಡೆ ಎರಡು ಮೆಟ್ಟಿಲು ಬಂದಿದ್ದವು.

ಆಮೇಲೆ ಟೀಚರ್ ಮನೆಗೆ ಹೋದೆ. ಆಸ್ಪತ್ರೆಯಿಂದ ಬಂದಿದ್ದರು, ಅರಸೀಕೆರೆಯ ತಂಗಿ ಜೊತೆಗಿದ್ದರು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದೆ: ಕೆಂಪು, ಬಿಳಿ, ಭಕ್ತಿ, ಸೆಪ್ಟೆಂಬರ್ ಎರಡು, ನಲವತ್ತೊಂದು ಸೆಕೆಂಡು. ಅವರ ಹೆಜ್ಜೆಗಳನ್ನು ಗುರುತಿಸಿ ಓದಿದ್ದು ತಪ್ಪೆಂದೂ ಹೇಳಿದೆ. ಹೇಳುವಾಗ ಪದಗಳನ್ನು ಆರಿಸಲಿಲ್ಲ.



“ಭಕ್ತಿ ಅಂತ ಹಾಕಿದ್ಯಾ?” ಎಂದರು ಟೀಚರ್.

“ಹೂಂ.”

“ನಿನ್ನ ಗೇಟಿಗೆ ನಾನು ಕೈಮುಗೀತಿದೀನಿ ಅಂತ.”

ಅವರ ತಂಗಿ ಒಳಗೆ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿದರು.

“ನೀವು ಒಂದು ಮಾತು ಹೇಳಬಹುದಿತ್ತು ಟೀಚರ್. ಬಿದ್ದ ದಿನವಾದರೂ,” ಎಂದೆ. ಹೇಳಿದ ಮೇಲೆ ಅದು ಎಂಥ ಮಾತೆಂದು ತಿಳಿಯಿತು.

“ಹೇಳೋದೇನಿದೆ? ದಿನಾ ನೀನು ಕಿಟಕೀಲಿ ನಿಂತಿರ್ತಿದ್ದೆ. ಕಂಬ ಹಿಡ್ಕೊಂಡು ಇಳಿಯೋದನ್ನ ನೋಡ್ತಿದ್ದೆ. ನೋಡಿದವರಿಗೆ ಏನಂತ ಹೇಳೋದು, ಹೇಳು?” ದನಿ ಏರಿಸಲಿಲ್ಲ, ಹೊಲಿಗೆ ತರಗತಿಯಲ್ಲಿ ಸೊಟ್ಟ ಹೊಲಿಗೆ ಬಿಚ್ಚಿಸುವಾಗಿನ ದನಿ. “ಆಮೇಲೆ ಈ ಹಾಳೆ ಬಂತು. ಸರಿ, ಇನ್ನು ನಾನು ಬಾಯಿ ಬಿಡೋದು ಬೇಡ, ಅಕ್ಕಪಕ್ಕದವರ ಜೊತೆ ನಿಷ್ಠುರ ಬೇಡ, ಕಾಲೇ ಹೇಳುತ್ತೆ, ಮಂದಾಕಿನಿ ಅಲ್ಲೇ ಕೆಲಸ ಮಾಡ್ತಾಳೆ ಅಂದ್ಕೊಂಡೆ. ಒಂದೊಂದ್ ದಿನ ಬೇಕಂತಲೇ ಇನ್ನೊಂಚೂರು ನಿಂತ್ಕೋತಿದ್ದೆ, ಸರಿಯಾಗಿ ಬರ್ಕೊಳ್ಳಲಿ ಅಂತ.”

ನಾನು ತಲೆ ತಗ್ಗಿಸಿದ್ದೆ. ಅವರ ಕಾಲುಗಳು ಹೊದಿಕೆಯ ಕೆಳಗೆ ಸುಮ್ಮನಿದ್ದವು.

“ಹೋಗು ಈಗ. ಕಾಲು ನೋಯ್ತಿದೆ, ಮಲಗ್ತೀನಿ,” ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಿರಲಿಲ್ಲ.

ಯುಗಾದಿ ಕಳೆದು ಒಂದು ವಾರಕ್ಕೆ ನಮ್ಮ ಗೇಟಿನ ಸದ್ದಾಯಿತು. ಟೀಚರ್ ಗೇಟಿನ ಬದಿಯಲ್ಲಿ, ತಮ್ಮ ಮನೆಯ ಕಡೆಗೇ, ವಾಕರ್ ಹಿಡಿದು ನಿಂತಿದ್ದರು, ಕೈಚೀಲದಲ್ಲಿ ಹೊಸ ಚಪ್ಪಲಿ.

“ಅಂಟಿಸ್ಕೊಡು. ಬೇರೆಯವರು ಅಂಟಿಸಿದ್ರೆ ಸುಕ್ಕು ಬರುತ್ತೆ.”

ಮೆಟ್ಟಿಲ ಮೇಲೆ ಕೂತು ಅವರ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಹಾಳೆ ಅಂಟಿಸಿದೆ. ಅಂಚುಗಳನ್ನು ಉಗುರಿನಿಂದ ಒತ್ತಿದೆ. ಮೆಟ್ಟಿಕೊಂಡು ಬೂತಿನ ಕಡೆ ಹೊರಟರು. ನಾನು ರಸ್ತೆಯ ಬದಿಯಲ್ಲಿ ಜೊತೆಗೆ ನಡೆದೆ. ನಮ್ಮ ಗೇಟಿನ ಮುಂದಿನ ಸಮತಟ್ಟು ನೆಲಕ್ಕೆ ಬಂದಾಗ ವಾಕರ್ ನಿಂತಿತು. ಎಡಗಾಲು ಮುಂದಕ್ಕೆ ಬಂದು ನೆಲ ಮುಟ್ಟಿತು. ಭಾರ ಮಾತ್ರ ಬರಲಿಲ್ಲ. ಅವರ ಕೈ ತಾನಾಗಿ ದೀಪದ ಕಂಬವನ್ನು ಹುಡುಕಿತು.

“ನೆಲ ಸಮ ಇದೆ ಟೀಚರ್.”

“ಕಣ್ಣಿಗೆ ಕಾಣ್ಸುತ್ತಲ್ಲ ನಂಗೆ!” ಎಂದು ಗದರಿದರು. ಆಮೇಲೆ ಸಣ್ಣಗೆ ನಕ್ಕರು. “ಕಾಲಿಗಿನ್ನೂ ಸುದ್ದಿ ಮುಟ್ಟಿಲ್ಲ ಕಣೆ.”

ಆ ವಾರ ಕೇಂದ್ರದಲ್ಲಿ ಜಬೀನ್ ನಮ್ಮ ಬೀದಿಯನ್ನು ತೆರೆದಳು. ಈಗ ನಮ್ಮ ಬೀದಿ ಅವಳದ್ದು, ನನ್ನ ಗುರುತು ಅಲ್ಲಿ ನಡೆಯುವುದಿಲ್ಲ. ಇಡೀ ಬೀದಿಯಲ್ಲಿ ಒಂದೇ ಕೆಂಪು ಚುಕ್ಕೆ.

“ನೆಲ ನೋಡ್ಕೊಂಡು ಬಂದೆ ಮೇಡಂ, ಅಲ್ಲಿ ಏನೂ ಇಲ್ಲ. ಭಯ ಅಂತ ಹಾಕಿದ್ರೆ ಅಡ್ಡ ಇರೋದು ಏನು ಅಂತ ಕೇಳುತ್ತೆ. ನಿಮಗೇನಾದ್ರೂ ಗೊತ್ತಾ?”

“ಗೊತ್ತು,” ಎಂದೆ. ಹೇಳಿದೆ.

ಅವಳು ಭಯ ಎಂದು ಹಾಕಿ, ಅಡ್ಡ ಎಂಬ ಜಾಗದಲ್ಲಿ ‘ತೆಗೆಯಲಾಗಿದೆ’ ಎಂದು ಬರೆಯಲು ಹೋದಳು. ಬೆರಳು ತಡೆಯಿತು. ಆ ಜಾಗವನ್ನು ಖಾಲಿ ಬಿಟ್ಟಳು.

ಈಗ ನಾನು ಬೆಳಿಗ್ಗೆ ನೀರು ಹಾಕುವುದು ಮೆಟ್ಟಿಲಿಗೆ ಮಾತ್ರ, ರಂಗೋಲಿ ಗೇಟಿನ ಒಳಗೆ. ಆರು ನಲವತ್ತಕ್ಕೆ ಕಿಟಕಿಗೆ ಹೋಗುವುದಿಲ್ಲ. ಹೊರಗೆ ಹೋಗಿ ಮೂಲೆಯ ಕಡೆ ಮುಖ ಮಾಡಿ ರಸ್ತೆಯ ಅಂಚಿನಲ್ಲಿ ನಿಲ್ಲುತ್ತೇನೆ. ಟೀಚರ್ ಬರುತ್ತಾರೆ, ನಿಲ್ಲುತ್ತಾರೆ, ದಾಟುತ್ತಾರೆ. ಕೆಲವು ದಿನ ಮಾತಾಡಿಸುತ್ತಾರೆ, ಕೆಲವು ದಿನ ಇಲ್ಲ. ಆಮೇಲೆ ಕೇಂದ್ರದಲ್ಲಿ, ನಾನು ಕೇಳದೆಯೇ, ಜಬೀನ್ ಅಂದಿನ ಅಳುಕಿನ ಅಂಕಿಯನ್ನು ಹೇಳುತ್ತಾಳೆ, ಟೀಚರ್ ಒಪ್ಪಿಗೆ ಕೊಟ್ಟಿದ್ದಾರೆ.

ನಿನ್ನೆ ಮುಕ್ಕಾಲು ಸೆಕೆಂಡು ಇತ್ತು. ಇವತ್ತೂ ಮುಕ್ಕಾಲೇ.